ಗೋವೈದ್ಯದ ಪರಂಪರೆಯೂ ಪಶುಸೇವೆಯೂ

ಟಿ. ನರಸೀಪುರ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿಯಾಗಿತ್ತು. ಜೈನಧರ್ಮಕ್ಕೆ ಆಶ್ರಯವಿತ್ತ ಆ ವಂಶದ ಶ್ರೀಪುರುಷನು 8ನೆಯ ಶತಮಾನದಲ್ಲಿ ಗಜಶಾಸ್ತ್ರವನ್ನು ರಚಿಸಿದನೆಂಬುದು ಪ್ರಸಿದ್ಧ. ಆನೆಯು ಸೇನೆಯ ಅಂಗ. ಅರಸನಿಗೆ ಅದರಲ್ಲಿ ಆಸಕ್ತಿಯಿದ್ದುದು ಸಹಜವೇ. ಆದರೆ 12ನೆಯ ಶತಮಾನದಲ್ಲಿ ಚಾಲುಕ್ಯ ರಾಜಪುತ್ರನೂ ಜೈನನೂ ಆದ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದುದು ಬೇರೆಯೇ ಮಾತು. ಮಂತ್ರತಂತ್ರಗಳೂ ಅದರಲ್ಲಿ ಬೆರೆತಿವೆ, ನಿಜ. ಆದರೂ ಒಕ್ಕಲಿಗನ ಕೊಟ್ಟಿಗೆಗೆ ಬೇಕಾದ ವಿದ್ಯೆಯನ್ನು ಅರಮನೆಯವನೊಬ್ಬನು ದೇಶಭಾಷೆಯಲ್ಲಿ ಬರೆದನು.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ನೊಗ ಉಜ್ಜಿ ಎತ್ತಿನ ಹೆಗಲಿನಲ್ಲಾದ ಹುಣ್ಣು ಅತಿಭಾರದ ಸಾಕ್ಷಿ. ಗೋಶಾಲೆಗೆ ಮೇವು ಕೊಡುವ ಶ್ರಾವಕರು ಹಲವರು. ಆ ಹುಣ್ಣಿಗೆ ಹುಳು ಬಿದ್ದಾಗ ತೊಳೆದು ಮದ್ದು ಹಚ್ಚಬಲ್ಲ ಕೈಗಳು ಕೆಲವೇ.

ಆ ಕೈಗಳು ಪಶುವೈದ್ಯ ಸಹಾಯಕರವು. ರಾಜ್ಯ ಸರ್ಕಾರ ಅನುಮತಿಸಿದಲ್ಲಿ, ಡಿಪ್ಲೊಮಾ ಅಥವಾ ಪ್ರಮಾಣಪತ್ರವುಳ್ಳ ಇಂಥವರು ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣ ಚಿಕಿತ್ಸೆಗಳನ್ನು ಮಾಡಲು 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತಿನ ಕಾಯಿದೆ ಅವಕಾಶವಿತ್ತಿದೆ. ದನಗಳ ದೊಡ್ಡರೋಗವು ಭಾರತದಲ್ಲಿ 1995ರಲ್ಲಿ ಕೊನೆಯದಾಗಿ ಕಂಡಿತು. 2011ರಲ್ಲಿ ಲೋಕದಿಂದಲೇ ಅಳಿಯಿತೆಂದು ಘೋಷಿತವಾಯಿತು. ಊರೂರು ತಿರುಗಿ ಲಸಿಕೆ ಹಾಕಿದ ಕೆಳಹಂತದ ಸಿಬ್ಬಂದಿಯ ಶ್ರಮ ಅದರ ಹಿಂದಿದೆ.

ತಲಕಾಡಿನ ಬಳಿಯ ಮುಡುಕುತೊರೆಯ ಜಾತ್ರೆಯಲ್ಲಿ ದನಗಳ ಸಂತೆ ಕೂಡುತ್ತದೆ. ನಂಜನಗೂಡು, ನರಸೀಪುರಗಳ ಸುತ್ತಿನ ಬಸದಿ ಟ್ರಸ್ಟುಗಳು ಒಬ್ಬ ವೈದ್ಯರನ್ನು ಗೊತ್ತುಮಾಡಿ, ಔಷಧದ ಪೆಟ್ಟಿಗೆ, ಊಟ, ವಸತಿಗಳನ್ನು ಒದಗಿಸಿದರೆ, ಎರಡು ದಿನದ ಸೇವೆಗೆಂದು ಬರುವ ಸಹಾಯಕರಿಗೆ ಅಲ್ಲಿ ಕೆಲಸದ ಕೊರತೆಯಾಗದು.