ಕೂಸಿನ ಡಾಕ್ಟರ್‌ನ ಹಡಿಯೋಕಿಂತ ಮೊದಲ ಗೊತ್ತ ಮಾಡೋದು

ನಮ್ಮ ಧಾರವಾಡದ ಕಡೆ ಮನ್ಯಾಗ ಯಾರರ ಬಸರಿದ್ರ, ಏಳನೇ ತಿಂಗಳ ಮುಗಿಯೋದ್ರಾಗ ಎರಡ ಕೆಲಸ ಆಗಬೇಕು ಅಂತ ಹಿರೇರು ಹೇಳ್ತಿದ್ರು. ಒಂದು ಕುಬಸ, ಇನ್ನೊಂದು ಸೂಲಗಿತ್ತಿಗೆ ಹೇಳಿ ಇಡೋದು. ಕುಬಸದ್ದು ಹಸರ ಸೀರಿ, ಹಾಡು, ಫೋಟೋ ಎಲ್ಲಾ ಇರ್ತದ, ಅದಕ್ಕ ಅದು ಎಲ್ಲಾರಿಗೂ ನೆನಪದ. ಸೂಲಗಿತ್ತಿಗೆ ಹೇಳಿ ಇಡೋದು ಮಾತ್ರ ಗದ್ದಲ ಇಲ್ಲದ ನಡೀತಿತ್ತು. ಅಜ್ಜಿನೋ ಅತ್ತಿನೋ ಒಂದಿನಾ ಸಂಜಿ ಮುಂದ ಅಕಿ ಮನಿಗೆ ಹೋಗಿ, ಈ ಅಮಾಸಿ ಆದ ಮ್ಯಾಲೆ ನಮ್ಮ ಹುಡುಗಿಗೆ ದಿನಾ ತುಂಬ್ತಾವ, ಊರ ಬಿಟ್ಟ ಹೋಗಬ್ಯಾಡವಾ ಅಂತ ಹೇಳಿ, ಎಲಿ ಅಡಿಕಿ ಕೊಟ್ಟ ಬರ್ತಿದ್ರು.

ಈಗ ನಮ್ಮ ತಂಗಿ ಮಗಳು ಬೆಂಗಳೂರಾಗ ಇರ್ತಾಳ, ಚೊಚ್ಚಲ, ಎಂಟರಾಗ ಅದ. ಹಡಿಯೋ ಡಾಕ್ಟರ್ ಯಾವಾಗೋ ಗೊತ್ತಾಗ್ಯಾರ. ಅಕಿ ಕೂಸಿಂದು ಬ್ಯಾರೆ ಡಾಕ್ಟರ್ ನೋಡಿ ಇಡ್ತೇನಿ ಅಂದ ಕೂಡ್ಲೆ ನಮ್ಮ ಮನ್ಯಾಗ ಎಲ್ಲಾರೂ ಮಾರಿ ಮಾರಿ ನೋಡಿದ್ರು. "ಕೂಸ ಇನ್ನೂ ಹೊಟ್ಯಾಗ ಅದ, ಈಗ್ಲೇ ಅದಕ್ಕ ಡಾಕ್ಟರ್ ಯಾಕವಾ?" ಅಂದ್ರು ನಮ್ಮ ಕಾಕು. ಬಹುಶಃ ನಿಮ್ಮ ಮನ್ಯಾಗೂ ಈ ಮಾತು ಬಂದಿರ್ತದ. ನನಗ ಅನಸೋದು, ಮೊದಲ ಗೊತ್ತ ಮಾಡಿ ಇಡೋದು ನಮಗ ಹೊಸಾದಲ್ಲ. ಕೂಸಿಗೆ ಅಂತ ಒಬ್ಬ ಡಾಕ್ಟರ್ ಇರ್ತಾರ ಅನ್ನೋದ ಹೊಸಾದು. ಆ ಕಥಿಗೆ ನಮ್ಮ ದೇಶದಾಗ ನೂರ ವರ್ಷನೂ ಭರ್ತಿ ಆಗಿಲ್ಲ ಅನ್ನಬಹುದು.

ಕಾಕು ಮಾತಿನ ಹಿಂದ ಇರೋದು ಸಿಟ್ಟಲ್ಲ, ಅಂಜಿಕಿ. ಹುಟ್ಟೋಕಿಂತ ಮೊದಲ ತೊಟ್ಟಲಾ ತರಬಾರದು, ಅಂಗಿ ಹೊಲಸಬಾರದು, ಹೆಸರ ಆರಸಬಾರದು ಅಂತ ನಾವೆಲ್ಲಾ ಕೇಳಕೋತ ಬಂದೇವಿ. ಹುಟ್ಟಿದ ಕೂಸಿಗೆ ಹಳೇ ಧೋತರದ ಅರಿವಿನ ಸುತ್ತೋದು. (ಹಳೇ ಅರಿವಿ ಮೆತ್ತಗ ಇರ್ತದ ಅನ್ನೋದೂ ಖರೇ.) ನಮ್ಮ ಅಜ್ಜಿ ಒಂಬತ್ತು ಹಡದಿದ್ಲು, ಐದು ಉಳದಿದ್ವು. ಹೋದ ನಾಲ್ಕರಾಗ ಮೂರು ಹೆಸರ ಇಡೋಕಿಂತ ಮೊದಲ ಹೋದವು. ಅವಕ್ಕ ಹೆಸರ ಇದ್ದಿಲ್ಲ ಅಂತ ಅಜ್ಜಿ ಅವನ್ನ ನೆನಸಬೇಕಾದ್ರ ಸುಗ್ಗ್ಯಾಗಿನ ಕೂಸು, ಮಳಿಗಾಲದ ಕೂಸು ಅಂತ ನೆನಸತಿದ್ಲು. ಹಿಂಥಾ ಮನಿಯೊಳಗ ಬೆಳದವರಿಗೆ, ಇನ್ನೂ ಹುಟ್ಟಲಾರದ ಕೂಸಿನ ಹೆಸರಲೆ ಏನೂ ಮಾಡಬಾರದು ಅನಸೋದು ಸಹಜ.

ಅದು ನಮ್ಮ ಅಜ್ಜಿ ಒಬ್ಬಾಕಿ ಹಣಿಬರಹ ಅಲ್ಲ. 1971ರಾಗ ಸೈತ ಭಾರತದಾಗ ಸಾವಿರ ಕೂಸು ಹುಟ್ಟಿದ್ರ 129 ಕೂಸು ವರ್ಷ ತುಂಬೋದ್ರಾಗ ಹೋಗ್ತಿದ್ವು. 2020ರ ಸರ್ಕಾರಿ ಲೆಕ್ಕದಾಗ ಅದು 28ಕ್ಕ ಇಳದದ, ನಮ್ಮ ಕರ್ನಾಟಕದಾಗ 19. ಆದ್ರ ಇನ್ನೊಂದ ಲೆಕ್ಕಾ ನೋಡ್ರಿ. ಆ 28ರಾಗ 20 ಹೋಗೋದು ಹುಟ್ಟಿದ ಮೊದಲನೇ 28 ದಿನದಾಗ. ಅಂದ್ರ ಕೂಸಿಗೆ ಡಾಕ್ಟರ್ ಎಲ್ಲಾಕಿಂತ ಹೆಚ್ಚು ಬೇಕಾಗೋದು ಬಾಣಂತಿ ಕ್ವಾಣಿ ಬಿಟ್ಟು ಹೊರಗ ಬರಲಾರದ ದಿನದಾಗ. ಆವಾಗ ಕೂತು ಯಾರು ಛಲೋ, ಯಾರು ಹತ್ರ ಅಂತ ವಿಚಾರ ಮಾಡ್ಲಿಕ್ಕೆ ಆಗೂದುಲ್ಲ.

ಮೊದಲ ಈ ದಿನದಾಗ ಕೂಸಿನ್ನ ನೋಡೋಕಿ ಸೂಲಗಿತ್ತಿನ. ಅಕಿ ಬರೇ ಹಡಸಿ ಹೋಗ್ತಿದ್ದಿಲ್ಲ. ಹೊಕ್ಕಳ ಕತ್ತರಿಸೋಕಿ ಅಕಿನ, ದಿನಾ ಬಂದು ಎಣ್ಣಿ ಹಚ್ಚಿ ಬಾಣಂತಿಗೂ ಕೂಸಿಗೂ ಎರಿಯೋಕಿ ಅಕಿನ, ಕೂಸು ಹಾಲ ಸರಿಯಾಗಿ ಕುಡೀತದೋ ಇಲ್ಲೋ ನೋಡೋಕಿನೂ ಅಕಿನ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮ ಅವರ ಹೆಸರು ನೀವೆಲ್ಲಾ ಕೇಳೀರಿ. ತಮ್ಮ ಅಜ್ಜಿ ಕಡೆ ಕೆಲಸಾ ಕಲತು, ಒಂದ ರೂಪಾಯಿ ತೊಗೊಳ್ಳದ 15,000ಕ್ಕೂ ಹೆಚ್ಚು ಹೆರಿಗಿ ಮಾಡಿಸ್ಯಾರ. 2018ರಾಗ ಪದ್ಮಶ್ರೀ ಬಂತು, ಅದ ವರ್ಷ ಡಿಸೆಂಬರದಾಗ ತೀರಿಕೊಂಡ್ರು. ದಿನಾ ಮನಿಗೆ ಬಂದು ಕೂಸಿನ ಮೈ ಮುಟ್ಟಿ ನೋಡೋಕಿ ಒಬ್ಬಾಕಿ ಇದ್ಲು ಅನ್ನೋದು ದೊಡ್ಡ ಆಸರಾ. ಇವತ್ತಿನ ಯಾವ ದೊಡ್ಡ ದವಾಖಾನ್ಯಾಗೂ ಅದು ಸಿಗೂದುಲ್ಲ.

ಹಂಗಂತ ಹಳೇದೆಲ್ಲಾ ಛಲೋ ಇತ್ತು ಅಂತ ನಾ ಹೇಳೂದುಲ್ಲ. ಎಲ್ಲಾ ಊರಾಗೂ ನರಸಮ್ಮ ಇದ್ದಿಲ್ಲ. ಕುಡಗೋಲಲೆನೋ ಬಿದರಿನ ಸೀಳಲೆನೋ ಹೊಕ್ಕಳ ಕತ್ತರಿಸಿ, ಮ್ಯಾಲೆ ಬೂದಿನೋ ಸಗಣಿನೋ ಹಚ್ಚೋ ಪದ್ಧತಿ ಭಾಳ ಕಡೆ ಇತ್ತು. ಹೊಲಸ ಗಾಯದಾಗ ಧನುರ್ವಾಯು ಹುಳಾ ಸೇರ್ತಿತ್ತು. ಎರಡ ದಿನಾ ಛಂದ ಹಾಲ ಕುಡದ ಕೂಸು ಮೂರ ನಾಲ್ಕ ದಿನಕ್ಕ ಬಾಯಿ ಬಿಡಲಾರದಂಗ ಆಗಿ, ಮೈ ಸೆಟಗೊಂಡು, ವಾರ ಎರಡ ವಾರದಾಗ ಹೋಗಿಬಿಡತಿತ್ತು. ಗಾಳಿ ಸೋಕೇದ, ಬಾಲಗ್ರಹ ಅಂತ ಅಂತಿದ್ರು. ಐದನೇದೋ ಆರನೇದೋ ದಿನಾ ಸಟವಿ ಬಂದು ಹಣಿಬರಹ ಬರೀತಾಳ ಅಂತ ಪೂಜಿ ಮಾಡಿ, ಹನ್ನೆರಡ ದಿನಾ ದಾಟಿದ ಮ್ಯಾಲೆ ಹೆಸರ ಇಡೋದು ಯಾಕ ಅಂತ ವಿಚಾರ ಮಾಡಿದ್ರ, ಆ ದಿನದಾಗ ಕೂಸಿನ ಜೀವಾ ಹೆಂಗ ತೂಗತಿತ್ತು ಅಂತ ನಮ್ಮ ಮುತ್ತಜ್ಜಿಗೋಳಿಗೆ ಗೊತ್ತಿತ್ತು ಅನಸ್ತದ. ಇದು ನನ್ನ ವಿಚಾರ, ಶಾಸ್ತ್ರದ್ದಲ್ಲ. ಬಸರಿಗೆ ಕೊಡೋ ಇಂಜಕ್ಷನ್ನು, ಹೊಸಾ ಬ್ಲೇಡು, ದವಾಖಾನಿ ಹೆರಿಗಿ, ಇವೆಲ್ಲಾ ಕೂಡಿ ಆ ರೋಗಾ ಇಳದು, 2015ರಾಗ ವಿಶ್ವ ಆರೋಗ್ಯ ಸಂಸ್ಥೆ ಭಾರತದಾಗ ಅದು ಹತೋಟಿಗೆ ಬಂದದ ಅಂತ ಮುದ್ರಿ ಹಾಕ್ತು.

ಹಂಗಾರ ಡಾಕ್ಟರ್ ಕೂಸಿನ ಹತ್ರ ಬಂದದ್ದು ಯಾವಾಗ? ಮೊದಲ ಬಂದಾಂವ ಡಾಕ್ಟರ್ ಅಲ್ಲ, ಮೈಲಿ ಹಾಕಾಂವ. ಧಾರವಾಡ ಮುಂದ ಮುಂಬೈ ಕಡೆ ಸೇರಿತು. ಅದ ಮುಂಬೈ ಒಳಗ 1802ರ ಜೂನ್ 14ಕ್ಕ ಆನಾ ಡಸ್ಟಾಲ್ ಅನ್ನೋ ಮೂರ ವರ್ಷದ ಹುಡುಗಿಗೆ ಭಾರತದ ಮೊದಲನೇ ಸಿಡುಬಿನ ಲಸಿಕಿ ಹಾಕಿದ್ರು. ಅಕಿ ತೋಳಿನ ಗುಳ್ಳಿಯಿಂದ ರಸಾ ತಗದು ಬ್ಯಾರೆ ಮಕ್ಕಳಿಗೆ, ಅವರಿಂದ ಮತ್ತ ಬ್ಯಾರೆಯವರಿಗೆ, ಹಿಂಗ ಅದು ದೇಶ ತುಂಬ ಹೊಂಟಿತು. ನಮ್ಮ ಅತ್ಯಾಗೋಳ ತೋಳಿನ ಮ್ಯಾಲೆ ನಾಕಾಣೆ ಅಷ್ಟ ಗಾತ್ರದ ಗುರತ ಇರೋದು ಆ ಕಥಿದ ಕಡೀ ಪುಟಾ.

ಮಕ್ಕಳಿಗೆ ಅಂತ ಬ್ಯಾರೆ ದವಾಖಾನಿ ಭಾಳ ತಡಾ ಬಂದ್ವು. ಪ್ಯಾರಿಸ್‌ದಾಗ 1802ರಾಗ, ಲಂಡನ್‌ದಾಗ 1852ರಾಗ ಸುರು ಆಗಿದ್ದು ಮುಂಬೈ ಪರಳಕ್ಕ ಬರೋದ್ರಾಗ 1929 ಆಗಿತ್ತು. ಅದ ಬಾಯಿ ಜೆರ್ಬಾಯಿ ವಾಡಿಯಾ ಮಕ್ಕಳ ಆಸ್ಪತ್ರಿ. ಕಲಕತ್ತಾದಾಗ ಡಾ. ಕೆ. ಸಿ. ಚೌಧರಿ ಅವರು 1933ರಾಗ ಮಕ್ಕಳ ವೈದ್ಯಕೀಯಕ್ಕಂತ ಒಂದು ಪತ್ರಿಕಾ ಸುರು ಮಾಡಿದ್ರು. ಮೈಸೂರ ಸೀಮಿಯವರಿಗೆ 1935ರಾಗ ಬೆಂಗಳೂರಿನ ವಾಣಿವಿಲಾಸ ಬಂತು, ಹೆಣ್ಣಮಕ್ಕಳಿಗೂ ಮಕ್ಕಳಿಗೂ ಕೂಡಿ. ನಮ್ಮ ಹುಬ್ಬಳ್ಳಿಗೆ ಕೆ.ಎಂ.ಸಿ. ಬಂದದ್ದು 1957ರಾಗ, ದೇಶದ ಮಕ್ಕಳ ಡಾಕ್ಟರುಗಳ ಅಕಾಡೆಮಿ ಹುಟ್ಟಿದ್ದು 1963ರಾಗ. ನಮ್ಮ ಅವ್ವ ನನ್ನ ಹಡದಾಗ ಮಕ್ಕಳ ಡಾಕ್ಟರ್ ಅನ್ನೋ ಮಾತನ್ನ ಕೇಳಿದ್ದಿಲ್ಲ ಅಂತಾಳ. ಓಣ್ಯಾಗ ಒಬ್ಬರು ಡಾಕ್ಟರ್ ಇದ್ರು, ಮುದುಕರಿಗೂ ಅವರ, ಕೂಸಿಗೂ ಅವರ, ಎಲ್ಲಾರಿಗೂ ಅದ ಕೆಂಪ ನೀರಿನ ಔಷಧಿ.

ಇಷ್ಟೆಲ್ಲಾ ಆದ ಮ್ಯಾಲೂ ಹುಟ್ಟಿದ ಗಳಿಗಿಯೊಳಗ ಕೂಸಿನ್ನ ನೋಡೋರ ಇದ್ದಿಲ್ಲ. ಹೆರಿಗಿ ಖೋಲಿ ಒಳಗ ಎಲ್ಲಾರ ಲಕ್ಷ್ಯ ತಾಯಿ ಮ್ಯಾಲೆ. ಅದು ತಪ್ಪೂ ಅಲ್ಲ, ರಕ್ತ ಹೋಗೋಕಿ ಅಕಿ. ಇದನ್ನ ಬದಲ ಮಾಡಿದಾಕಿ ಮಕ್ಕಳ ಡಾಕ್ಟರೂ ಅಲ್ಲ, ಹಡಸೋ ಡಾಕ್ಟರೂ ಅಲ್ಲ, ಅಮಲ ಕೊಡೋ ಡಾಕ್ಟರ್. ನ್ಯೂಯಾರ್ಕಿನ ವರ್ಜೀನಿಯಾ ಎಪ್ಗಾರ್. ಸರ್ಜನ್ ಆಗಬೇಕಂತ ಕಲತಾಕಿಗೆ, ಹೆಣ್ಣಮಕ್ಕಳಿಗೆ ಇದರಾಗ ಹೊಟ್ಟಿ ತುಂಬೂದುಲ್ಲ ಅಂತ ಅಕಿ ಗುರುಗಳ ತಿರುಗಿಸಿ ಅಮಲಿನ ಕಡೆ ಕಳಿಸಿದ್ರು. ತಾಯಿ ತಲಿ ಕಡೆ ನಿಂತು ಕೆಲಸಾ ಮಾಡೋಕಿಗೆ ಕೂಸ ಕಾಣತಿತ್ತು. ನೀಲಿಗಟ್ಟಿದ ಕೂಸಿನ್ನ ಇದು ಉಳಿಯೂದುಲ್ಲ ಅಂತ ಬಾಜೂಕ ಇಟ್ಟಬಿಡೋದನ್ನ ನೋಡಿದ್ಲು. 1952ರಾಗ ಅಕಿ ಒಂದು ಲೆಕ್ಕಾ ಮಾಡಿದ್ಲು. ಎದಿ ಬಡತ, ಉಸರು, ಕೈ ಕಾಲಿನ ಬಿಗಿ, ಚುರಕತನಾ, ಮೈ ಬಣ್ಣಾ, ಐದಕ್ಕ ಎರಡೆರಡ ಮಾರ್ಕಿನಂಗ ಹತ್ತು. ಈಗ ಹುಟ್ಟಿದ ಒಂದ ನಿಮಿಷಕ್ಕ ಒಮ್ಮೆ, ಐದ ನಿಮಿಷಕ್ಕ ಒಮ್ಮೆ ಬರೀತಾರ. ಪರೀಕ್ಷಾ ಹುಟ್ಟಿದ ಕೂಡ್ಲೆ ಸುರು ಆಗ್ತದ ಅಂತ ನಮ್ಮನಿಯವರು ನಗಸ್ತಾರ. ಆದ್ರ ಮಾರ್ಕ್ ಬರೀಬೇಕಂದ್ರ ಯಾರರ ಒಬ್ಬರು ಕೂಸಿನ್ನ ನೋಡಲೇ ಬೇಕು, ನೋಡಿದ ಮ್ಯಾಲೆ ಸುಮ್ಮನ ಬಿಡ್ಲಿಕ್ಕೆ ಬರೂದುಲ್ಲ. ಹತ್ತ ಕೂಸು ಹುಟ್ಟಿದ್ರ ಹತ್ತರತ್ರ ಒಂದಕ್ಕ ಮೊದಲನೇ ಉಸರಿಗೆ ಸ್ವಲ್ಪ ಆಸರಾ ಬೇಕಾಗ್ತದ. ಒರಿಸಿ, ಬೆನ್ನ ತಿಕ್ಕಿ, ಬೇಕಾದ್ರ ಚೀಲಾ ಒತ್ತಿ ಗಾಳಿ ಕೊಡೋದು, ಅದೂ ಒಂದ ನಿಮಿಷದಾಗ.

ಎರಡನೇ ಕಥಿ ಕಾಮಣಿದು, ಇದು ನಮ್ಮ ಹೆಣ್ಣಮಕ್ಕಳಿಗೆ ಭಾಳ ಹತ್ರದ್ದು. 1956ರ ಸುಮಾರಿಗೆ ಇಂಗ್ಲಂಡಿನ ರಾಚ್‌ಫರ್ಡ್ ದವಾಖಾನ್ಯಾಗ ವಾರ್ಡ್ ಅನ್ನೋ ನರ್ಸಬಾಯಿ ಇದ್ಲು. ಕೂಸುಗೋಳಿಗೆ ಬಿಸಿಲು ಗಾಳಿ ಛಲೋ ಅಂತ ತೊಗೊಂಡ ಹೋಗಿ ಅಂಗಳದಾಗ ಮಲಗಸ್ತಿದ್ಲು. ಒಂದಿನಾ ಒಂದ ಕೂಸಿನ್ನ ಅರಿವಿ ಬಿಚ್ಚಿ ಡಾಕ್ಟರಿಗೆ ತೋರಿಸಿದ್ಲು. ಮೈ ಎಲ್ಲಾ ತಿಳಿ ಆಗಿತ್ತು, ಚಾದರದ ಮೂಲಿ ಮುಚ್ಚಿದ ಜಾಗಾ ಅಷ್ಟ ಮುಕ್ಕೋಣದಂಗ ಅರಿಷಿಣ ಉಳದಿತ್ತು. ಅದನ್ನ ಹಿಡಕೊಂಡು ಡಾ. ಕ್ರೀಮರ್ ಮತ್ತ ಅವರ ಜೋಡಿಯವರು ದೀಪದ ಬೆಳಕಿಲೆ ಕಾಮಣಿ ಇಳಸೋದನ್ನ 1958ರಾಗ ಬರದು ತೋರಿಸಿದ್ರು. ಇವತ್ತ ದವಾಖಾನ್ಯಾಗ ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ಲೈಟಿನ ಕೆಳಗ ಇಡ್ತಾರಲ್ಲಾ, ಅದರ ಬೇರು ಅಲ್ಲೆ. ನಮ್ಮ ಅಜ್ಜಿಗೋಳು ಎಳೀ ಬಿಸಿಲಿಗೆ ಕಾಲ ಚಾಚಿ ಕೂಸಿನ್ನ ಹಾಕ್ಕೊಂಡ ಕೂಡತಿದ್ರು, ಅವರ ಹಾದಿನೂ ಅದ ಕಡೆ ಇತ್ತು. ಆದ್ರ ಕಾಮಣಿ ಜೋರಾದ್ರ ಬಿಸಿಲು ಸಾಲೂದುಲ್ಲ, ರಕ್ತ ತಗದು ಲೆಕ್ಕಾ ನೋಡಬೇಕು. ಮಿತಿ ಮೀರಿದ್ರ ಅದು ಮೆದಳಿಗೆ ಏರ್ತದ.

ಇಲ್ಲೊಂದು ತೊಡಕದ. ತುಂಬಿದ ದಿನಕ್ಕ ಹುಟ್ಟಿದ ಕೂಸುಗೋಳೊಳಗ ಅರ್ಧಕ್ಕಿಂತ ಹೆಚ್ಚಿಗೆ ಸ್ವಲ್ಪ ಹಳದಿ ಆಗೇ ಆಗ್ತಾವ, ಅದು ಏರೋದು ಮೂರರಿಂದ ಐದನೇ ದಿನದಾಗ. ಸರಳ ಹಡದ್ರ ಎರಡ ದಿನಕ್ಕ ಮನಿಗೆ ಕಳಿಸ್ತಾರ. ಅಂದ್ರ ಹಳದಿ ಏರೋ ಹೊತ್ತಿಗೆ ಕೂಸು ಮನ್ಯಾಗ, ಕಿಡಕಿಗೆ ಪಡದೆ ಹಾಕಿದ ಬಾಣಂತಿ ಕ್ವಾಣ್ಯಾಗ ಇರ್ತದ. ಮೊದಲ ಆ ದಿನಾ ಸೂಲಗಿತ್ತಿ ಎರೀಲಿಕ್ಕೆ ಬರ್ತಿದ್ಲು. ಈಗ ಯಾರು ಬರ್ತಾರ?

ಇದನ್ನ ಛಲೋ ತಿಳಕೊಂಡವರು ಗಡಚಿರೋಲಿಯ ಡಾ. ಅಭಯ ಬಂಗ್, ಡಾ. ರಾಣಿ ಬಂಗ್. ಹಳ್ಳಿ ಹೆಣ್ಣಮಕ್ಕಳಿಗೇ ಕಲಿಸಿ, ಮನಿ ಮನಿಗೆ ಕಳಿಸಿ ಹಸಗೂಸು ನೋಡಸಿದ್ರು. ಸಾವು ಅರ್ಧಕ್ಕಿಂತ ಕಡಿಮಿ ಆತು ಅಂತ 1999ರಾಗ ಲೆಕ್ಕಾ ಕೊಟ್ಟರು. ಇವತ್ತ ಆಶಾ ಕಾರ್ಯಕರ್ತೆಯರು ದವಾಖಾನ್ಯಾಗ ಹಡದವರ ಮನಿಗೂ 3, 7, 14, 21, 28, 42ನೇ ದಿನಾ ಬರಬೇಕು ಅಂತ ಇರೋದು ಆ ದಾರಿಲೆ ಬಂದದ್ದ. ಅಕಿ ತಕ್ಕಡಿ ತೊಗೊಂಡ ಬಂದ್ರ, ನಮ್ಮ ಕೂಸಿಗೆ ದೊಡ್ಡ ಡಾಕ್ಟರ್ ಇದ್ದಾರ ಅಂತ ಬಾಗಲದಾಗಿಂದ ಕಳಿಸೋರನ್ನ ನೋಡೇನಿ. ನನಗ ಸೇರೂದುಲ್ಲ ಅದು. ಬಂದು ನೋಡೋಕಿನ್ನ ಯಾಕ ಬ್ಯಾಡ ಅನಬೇಕು?

ಹಿಂಗ ನೋಡಿದ್ರ ನಮ್ಮ ತಂಗಿ ಮಗಳು ಆರಸಬೇಕಾದದ್ದು ಹೆಸರುವಾಸಿ ಡಾಕ್ಟರ್ ಅಲ್ಲ. ಹುಟ್ಟಿದ ಮೊದಲನೇ ನಿಮಿಷಕ್ಕ ಯಾರು ಇರ್ತಾರ, ಐದನೇ ದಿನಕ್ಕ ಯಾರ ಸಿಗ್ತಾರ, ಇವೆರಡನ್ನ ಕೇಳಬೇಕು. ಹಡಿಯೋ ದವಾಖಾನ್ಯಾಗ ನಡು ರಾತ್ರಿ ಹೆರಿಗಿ ಆದ್ರ ಕೂಸಿನ್ನ ಹಿಡಿಯೋರು ಯಾರು, ಅವರಿಗೆ ಉಸರ ಕೊಡ್ಲಿಕ್ಕೆ ಬರ್ತದೋ, ಕೂಸಿಗೆ ತೊಂದ್ರಿ ಆದ್ರ ಅಲ್ಲೇ ಇಡ್ತಾರೋ ಇಲ್ಲಾ ಎಲ್ಲೆ ಕಳಿಸ್ತಾರ ಅಂತ ಈಗ್ಲೇ ಕೇಳಿದ್ರ ಯಾರೂ ತಪ್ಪ ತಿಳಕೊಳ್ಳೂದುಲ್ಲ. ಆಮ್ಯಾಲೆ ಎದಿ ಹಾಲಿನ ಬಗ್ಗೆ ಅವರ ಮಾತು ಹೆಂಗದ ನೋಡ್ರಿ. ಮೊದಲನೇ ದಿನಾನ ಡಬ್ಬಿ ಪುಡಿ ಬರದ ಕೊಡೋರು ನನ್ನ ಲೆಕ್ಕದಾಗ ನಾಪಾಸ. ರವಿವಾರ ಫೋನ ಎತ್ತತಾರೋ ಇಲ್ಲೋ ಅನ್ನೋದು ಅವರ ಗ್ವಾಡಿ ಮ್ಯಾಲಿನ ಸರ್ಟಿಫಿಕೇಟಿಗಿಂತ ದೊಡ್ಡದು.

ಮತ್ತ ನಮ್ಮ ಮಂದಿಗೆ ಒಂದು ವಿಶೇಷ ಅದ. ನಮ್ಮ ಹುಡಿಗ್ಯಾರು ಬೆಂಗಳೂರಾಗ ಒಂಬತ್ತ ತಿಂಗಳ ತೋರಿಸಿ, ಹಡೀಲಿಕ್ಕೆ ತವರಮನಿಗೆ ಬರ್ತಾರ, ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ ತೊಟ್ಟಲಾ ಸಮೇತ ತಿರುಗಿ ಹೋಗ್ತಾರ. ಅದಕ್ಕ ಬೆಂಗಳೂರಾಗ ಗೊತ್ತ ಮಾಡಿದ ಡಾಕ್ಟರ್ ಐದನೇ ದಿನಕ್ಕ ಉಪಯೋಗಕ್ಕ ಬರೂದುಲ್ಲ. ಆ ದಿನದ ಡಾಕ್ಟರ್ ಧಾರವಾಡದಾಗ, ಅವ್ವನ ಮನಿಯಿಂದ ಆಟೋದಾಗ ಹತ್ತ ನಿಮಿಷದಾಗ ಇರಬೇಕು. ಈ ಕೆಲಸಾ ಹುಡುಗಿದಲ್ಲ, ತವರಿನವರದು, ನಮ್ಮದು. ಮೊದಲ ಅಜ್ಜಿ ಎಲಿ ಅಡಿಕಿ ತೊಗೊಂಡ ಹೋಗ್ತಿದ್ಲಲ್ಲಾ, ಹಂಗ ನಮ್ಮ ತಂಗಿ ಹೋದ ವಾರ ಹೋಗಿ ಕೂತು ಮಾತಾಡಿ ಬಂದ್ಲು. ಕಾಕುನೂ ಜೋಡಿ ಹೋಗಿದ್ರು. ಅರಿವಿ ಅಂಚಡಿ ಏನೂ ತಂದಿಲ್ಲ, ತೊಟ್ಟಲಾ ಅಟ್ಟದ ಮ್ಯಾಲೇ ಅದ.

ಇನ್ನ ಲಸಿಕಿ. ಹುಟ್ಟಿದ ಕೂಡ್ಲೆ ಬಿಸಿಜಿ, ಪೋಲಿಯೋ ಹನಿ, 24 ತಾಸಿನೊಳಗ ಹೆಪಟೈಟಿಸ್ ಬಿ, ಮುಂದ ಆರ, ಹತ್ತ, ಹದಿನಾಲ್ಕನೇ ವಾರಕ್ಕ. ಈ ಮೊದಲಿನ ಲಸಿಕಿ ತವರಾಗೇ ಆಗ್ತಾವ, ಒಂಬತ್ತನೇ ತಿಂಗಳಿಂದು ಗಂಡನ ಊರಾಗ. ಎರಡ ಊರ ಡಾಕ್ಟರಿಗೂ ಒಂದ ಕಾರ್ಡ್ ತೋರಿಸಬೇಕು, ಬ್ಯಾರೆ ಬ್ಯಾರೆ ಮಾಡಸಬಾರದು. ಹಳದಿ ಮೊದಲನೇ ದಿನಾನ ಕಂಡ್ರ, ಅಂಗೈ ಅಂಗಾಲಿಗೆ ಇಳದ್ರ, ಕೂಸು ಹಾಲ ಬಿಟ್ಟ್ರ, ಮಂಪರ ಬಡದಂಗ ಮಲಗಿದ್ರ, ಹೊತ್ತ ನೋಡದ ಹೋಗಬೇಕು ಅಂತ ನಮ್ಮ ತಂಗಿಗೆ ಆ ಡಾಕ್ಟರ್‌ಬಾಯಿ ಹೇಳ್ಯಾರ. ಅದನ್ನೂ ಅವರ ನಂಬರನ್ನೂ ಬರದು ಬಾಣಂತಿ ಕ್ವಾಣಿ ಕ್ಯಾಲೆಂಡರಿನ ಬಾಜೂಕ ಹಚ್ಚೇವಿ, ಚಾಳೀಸ ಇಲ್ಲದ ಓದ್ಲಿಕ್ಕೆ ಬರೋವಷ್ಟು ದಪ್ಪ ಅಕ್ಷರದಾಗ.