‘ಶಿಕ್ಷೆಯ ಎಲ್ಲ ನಿಬಂಧನೆಗಳು’: ಫ್ಲಾರಿಡಾದಲ್ಲಿ ಮತಾಧಿಕಾರ ಮರುಸ್ಥಾಪನೆಯ ಚರಿತ್ರೆ

2018ರ ನವೆಂಬರ್ 6ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಮತದಾರರು ತಮ್ಮ ರಾಜ್ಯ ಸಂವಿಧಾನಕ್ಕೆ ಒಂದು ತಿದ್ದುಪಡಿಯನ್ನು ಅಂಗೀಕರಿಸಿದರು. ಗಂಭೀರ ಅಪರಾಧಕ್ಕಾಗಿ ಶಿಕ್ಷಿತರಾದವರು ಪೆರೋಲ್ ಮತ್ತು ಪರಿವೀಕ್ಷಣಾವಧಿಯೂ ಸೇರಿದಂತೆ ‘ಶಿಕ್ಷೆಯ ಎಲ್ಲ ನಿಬಂಧನೆಗಳನ್ನು’ ಪೂರೈಸಿದೊಡನೆ ಅವರ ಮತಾಧಿಕಾರ ಮರಳತಕ್ಕದ್ದು ಎಂಬುದು ಅದರ ಸಾರ. ಕೊಲೆ ಹಾಗೂ ಗಂಭೀರ ಲೈಂಗಿಕ ಅಪರಾಧಗಳನ್ನು ಮಾತ್ರ ಅದು ಹೊರತುಪಡಿಸಿತ್ತು. ಅಂಗೀಕಾರಕ್ಕೆ ಶೇ. 60ರಷ್ಟು ಮತಗಳು ಬೇಕಿದ್ದವು, ಶೇ. 64ಕ್ಕೂ ಹೆಚ್ಚು ದೊರೆತವು. ಸುಮಾರು 14 ಲಕ್ಷ ಜನರಿಗೆ ಇದರಿಂದ ಪ್ರಯೋಜನವಾಗುವುದೆಂಬುದು ಅಂದಿನ ಅಂದಾಜು. ಆದರೆ ಎರಡು ವರ್ಷಗಳೊಳಗೆ ಆ ಒಂದು ಪದಪುಂಜದ ಅರ್ಥನಿರ್ಣಯವೇ ಇವರಲ್ಲಿ ಅರ್ಧಕ್ಕೂ ಹೆಚ್ಚು ಜನರ ಹಕ್ಕಿಗೆ ಅಡ್ಡವಾಯಿತು.

ಈ ನಿಷೇಧದ ಬೇರುಗಳು ಅಂತರ್ಯುದ್ಧಾನಂತರದ ಪುನರ್ರಚನೆಯ ಕಾಲಕ್ಕೆ ಹೋಗುತ್ತವೆ. ಕೆಲವು ಹೀನ ಅಪರಾಧಗಳನ್ನೆಸಗಿದವರನ್ನು ಮತದಾನದಿಂದ ಹೊರಗಿಡುವ ಅವಕಾಶ ಫ್ಲಾರಿಡಾದಲ್ಲಿ ಅದಕ್ಕೂ ಹಿಂದೆ ಇತ್ತು. ಆದರೆ ಕಪ್ಪು ಪುರುಷರಿಗೆ ಮತಾಧಿಕಾರ ನೀಡಲೇಬೇಕಾಗಿ ಬಂದ 1868ರಲ್ಲಿ ರಚಿತವಾದ ಸಂವಿಧಾನವು, ಗಂಭೀರ ಅಪರಾಧದ ಶಿಕ್ಷೆಗೊಳಗಾದ ಯಾರೂ ನಾಗರಿಕ ಹಕ್ಕುಗಳನ್ನು ಮರಳಿ ಪಡೆಯದ ಹೊರತು ಮತ ಹಾಕಲಾಗದೆಂದು ವಿಧಿಸಿತು. ಅದೇ ವರ್ಷ ಅಂಗೀಕೃತವಾದ ರಾಷ್ಟ್ರೀಯ ಸಂವಿಧಾನದ 14ನೆಯ ತಿದ್ದುಪಡಿಯಲ್ಲಿ ‘ದಂಗೆ ಅಥವಾ ಇತರ ಅಪರಾಧ’ಕ್ಕೆ ಸಂಬಂಧಿಸಿದ ವಿನಾಯಿತಿಯ ಮಾತಿತ್ತು. 1974ರ ರಿಚರ್ಡ್‌ಸನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಮಾತನ್ನೇ ಆಧಾರವಾಗಿಟ್ಟುಕೊಂಡು, ಶಿಕ್ಷಿತರ ಮತಾಧಿಕಾರವನ್ನು ರಾಜ್ಯಗಳು ಕಸಿಯಬಹುದೆಂದು ತೀರ್ಪಿತ್ತಿತು.

ಇಂಥ ಶಾಸನಗಳಲ್ಲಿ ಜನಾಂಗದ ಹೆಸರಿರುವುದಿಲ್ಲ. ಮಿಸಿಸಿಪ್ಪಿಯ 1890ರ ಸಂವಿಧಾನವು ಕಳ್ಳತನ, ವಂಚನೆ, ದ್ವಿಪತ್ನಿತ್ವಗಳನ್ನು ಅನರ್ಹತೆಯ ಪಟ್ಟಿಗೆ ಸೇರಿಸಿ, ಕೊಲೆ ಹಾಗೂ ಅತ್ಯಾಚಾರಗಳನ್ನು ಹೊರಗಿಟ್ಟಿತ್ತು. ಕಪ್ಪು ಜನರು ಹೆಚ್ಚಾಗಿ ಎಸಗುವರೆಂದು ನಿರ್ಮಾತೃಗಳು ಭಾವಿಸಿದ್ದ ಅಪರಾಧಗಳನ್ನೇ ಆರಿಸಲಾಗಿತ್ತೆಂಬುದನ್ನು 1896ರಲ್ಲಿ ಆ ರಾಜ್ಯದ ಉಚ್ಚತಮ ನ್ಯಾಯಾಲಯವೇ ಒಪ್ಪಿಕೊಂಡಿತು. ಅಲಬಾಮಾದ 1901ರ ಸಂವಿಧಾನವು ‘ನೈತಿಕ ಅಧಃಪತನ’ವೆಂಬ ಸಡಿಲ ಪದವನ್ನು ಬಳಸಿತು, ಆ ವಿಧಿಯ ಮೂಲದಲ್ಲಿ ಜನಾಂಗದ್ವೇಷವಿತ್ತೆಂದು ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ಅದನ್ನು ರದ್ದುಗೊಳಿಸಿತು. ಫ್ಲಾರಿಡಾದ ವಿಧಿ ಮಾತ್ರ ಉಳಿಯಿತು. 1868ರ ಉದ್ದೇಶ ಏನೇ ಇದ್ದಿರಲಿ, 1968ರಲ್ಲಿ ಆ ವಿಧಿಯನ್ನು ಹೊಸದಾಗಿ ಅಂಗೀಕರಿಸಿದಾಗ ಹಳೆಯ ಕಳಂಕ ತೊಡೆದುಹೋಯಿತೆಂದು 2005ರಲ್ಲಿ ಮೇಲ್ಮನವಿ ನ್ಯಾಯಾಲಯ ಭಾವಿಸಿತು.

ಹೀಗಾಗಿ ಹಕ್ಕು ಮರಳಿ ಪಡೆಯಲು ಉಳಿದದ್ದು ಕ್ಷಮಾದಾನದ ದಾರಿಯೊಂದೇ. ರಾಜ್ಯಪಾಲರು ಮತ್ತು ಅವರ ಸಂಪುಟದ ಸದಸ್ಯರ ಮುಂದೆ ಅರ್ಜಿ ಸಲ್ಲಿಸಬೇಕಿತ್ತು. 2007ರಲ್ಲಿ ಸಡಿಲಗೊಂಡ ನಿಯಮಗಳು 2011ರಲ್ಲಿ ಮತ್ತೆ ಬಿಗಿಯಾದವು. ಶಿಕ್ಷೆ ಮುಗಿದ ಮೇಲೂ ಕನಿಷ್ಠ ಐದು ವರ್ಷ ಕಾಯಬೇಕಾಯಿತು. ಕೃಪೆಯಾಗಿ ದೊರೆಯುತ್ತಿದ್ದುದನ್ನು ಹಕ್ಕಾಗಿ ಮಾಡುವುದೇ 2018ರ ತಿದ್ದುಪಡಿಯ ಗುರಿ.

2019ರಲ್ಲಿ ರಾಜ್ಯದ ಶಾಸನಸಭೆಯು ‘ಎಲ್ಲ ನಿಬಂಧನೆಗಳು’ ಎಂಬುದಕ್ಕೆ ದಂಡ, ನ್ಯಾಯಾಲಯದ ಶುಲ್ಕ ಹಾಗೂ ಸಂತ್ರಸ್ತರಿಗೆ ಕೊಡಬೇಕಾದ ಪರಿಹಾರವೂ ಸೇರುತ್ತವೆಂದು ಕಾಯ್ದೆ ಮಾಡಿತು. ಈ ವ್ಯಾಖ್ಯಾನ ಸಂಪೂರ್ಣ ನಿರಾಧಾರವಾಗಿರಲಿಲ್ಲ. 2017ರಲ್ಲಿ ರಾಜ್ಯದ ಉಚ್ಚತಮ ನ್ಯಾಯಾಲಯದೆದುರು ತಿದ್ದುಪಡಿಯ ಪರ ವಾದಿಸಿದ ವಕೀಲರೇ ಹಣದ ಬಾಧ್ಯತೆಗಳೂ ಇದರಲ್ಲಿ ಸೇರುತ್ತವೆಂದು ಒಪ್ಪಿದ್ದರು. 2020ರ ಜನವರಿಯಲ್ಲಿ ಅದೇ ನ್ಯಾಯಾಲಯ ಈ ಅರ್ಥವನ್ನು ಎತ್ತಿಹಿಡಿಯಿತು. ಆದರೆ ಪದದ ಅರ್ಥ ನಿಶ್ಚಯವಾದ ಮಾತ್ರಕ್ಕೆ ನ್ಯಾಯ ನಿಶ್ಚಯವಾಗಲಿಲ್ಲ. 7 ಲಕ್ಷಕ್ಕೂ ಹೆಚ್ಚು ಜನ ಹಣದ ಬಾಕಿಯ ಕಾರಣಕ್ಕೇ ಅನರ್ಹರಾಗುವರೆಂದು ವಿಚಾರಣೆಯಲ್ಲಿ ತಜ್ಞರು ಸಾಕ್ಷ್ಯ ನುಡಿದರು. ಯಾರ ಬಾಕಿ ಎಷ್ಟೆಂದು ತಿಳಿಸುವ ವಿಶ್ವಾಸಾರ್ಹ ವ್ಯವಸ್ಥೆ ರಾಜ್ಯದ ಬಳಿಯೇ ಇರಲಿಲ್ಲ. ತೆರಲಾಗದವರ ಹಕ್ಕನ್ನು ತಡೆಯುವುದು ಅಸಾಂವಿಧಾನಿಕವೆಂದು ನ್ಯಾಯಾಧೀಶ ರಾಬರ್ಟ್ ಹಿಂಕಲ್ 2020ರ ಮೇ ತಿಂಗಳಲ್ಲಿ ತೀರ್ಪಿತ್ತರು. ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವು 6-4ರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಮತದಾನಕ್ಕೆ ತೆರಿಗೆ ವಿಧಿಸುವುದನ್ನು 24ನೆಯ ತಿದ್ದುಪಡಿ 1964ರಲ್ಲೇ ನಿಷೇಧಿಸಿತ್ತು. ಶಿಕ್ಷೆಯ ಭಾಗವಾದ ಬಾಕಿ ತೆರಿಗೆಯಲ್ಲ ಎಂಬುದು ಬಹುಮತದ ನಿಲುವು.

ಭಾರತದ ಕಾನೂನಿನೊಡನೆ ಹೋಲಿಸಿದರೆ ಈ ವಿವಾದದ ಸ್ವರೂಪ ಇನ್ನಷ್ಟು ಸ್ಪಷ್ಟವಾಗುತ್ತದೆ. 1951ರ ಪ್ರಜಾಪ್ರತಿನಿಧಿತ್ವ ಕಾಯ್ದೆಯ 62(5)ನೆಯ ಪ್ರಕರಣವು ಸೆರೆಯಲ್ಲಿರುವವರ ಮತದಾನವನ್ನು ತಡೆಯುತ್ತದೆ. ತೀರ್ಪು ಇನ್ನೂ ಬಾರದ ವಿಚಾರಣಾಧೀನ ಕೈದಿಯನ್ನೂ ಅದು ಬಿಡುವುದಿಲ್ಲ. ಆ ಮಟ್ಟಿಗೆ ಅದು ಫ್ಲಾರಿಡಾಕ್ಕಿಂತ ಕಠಿಣ. ಆದರೆ ಆ ತಡೆ ಸೆರೆಮನೆಯ ಗೋಡೆಯೊಂದಿಗೇ ಮುಗಿಯುತ್ತದೆ. ಬಿಡುಗಡೆಯಾದವನು ಯಾರ ಕೃಪೆಯನ್ನೂ ಬೇಡಬೇಕಿಲ್ಲ. ಫ್ಲಾರಿಡಾದಲ್ಲಿ ಗೋಡೆ ದಾಟಿ ಬಂದವನ ಮುಂದೆ ಲೆಕ್ಕದ ಪುಸ್ತಕವಿದೆ, ಮತ್ತು ಅದನ್ನು ಓದಿ ಹೇಳುವವರಿಲ್ಲ. ಹಕ್ಕನ್ನು ಮರಳಿಸುವ ಮಾತು ಶಾಸನದಲ್ಲಿ ಬರೆದ ಮಾತ್ರಕ್ಕೆ ಪೂರ್ಣವಾಗುವುದಿಲ್ಲ. ಅದರ ಷರತ್ತು ಪೂರೈಸಿತೆಂದು ತಿಳಿಯುವ ದಾರಿ ಸಾಮಾನ್ಯ ಪ್ರಜೆಗೆ ತೆರೆದಿರಬೇಕು.