ಮಳೆಯ ಹೆಸರಿನ ವಿಮಾನಗಳು

ನಮ್ಮ ಸೇಡಂ, ಚಿಂಚೋಳಿ ಕಡೆಯ ರೈತರಿಗೆ ರೋಹಿಣಿ, ಮಿರಗ, ಆರಿದ್ರಾ ಎಂದರೆ ಮಳೆ. ಮಿರಗ ಕೂಡಿದರೆ ತೊಗರಿ ಬಿತ್ತುವ ಮಾತು ಶುರುವಾಗುತ್ತದೆ. ಇದೇ ಹೆಸರುಗಳನ್ನು ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ವಿಮಾನಗಳಿಗೂ ಇಟ್ಟಿದ್ದರು. ಎಂಜಿನ್ ಇಲ್ಲದೆ, ಮೇಲೇರುವ ಗಾಳಿಯನ್ನೇ ನಂಬಿ ಹಾರುವ ಗ್ಲೈಡರ್‌ಗಳು ಅವು. ನಾಗರಿಕ ವಿಮಾನಯಾನ ಇಲಾಖೆಯ ತಾಂತ್ರಿಕ ಕೇಂದ್ರದಲ್ಲಿ ಎಸ್. ರಾಮಾಮೃತಂ ರೂಪಿಸಿದ 'ಅಶ್ವಿನಿ' 1958ರಲ್ಲಿ, 'ರೋಹಿಣಿ' 1961ರಲ್ಲಿ ಹಾರಿದವು. ಭರಣಿ, ಕಾರ್ತಿಕ್, ಮೃಗಶಿರ, ಆರ್ದ್ರಾ ಎಂಬವೂ ಆ ಸಾಲಿಗೆ ಸೇರಿದವು.

ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಶಹಾಬಾದ್, ಸೊಲ್ಲಾಪುರ ದಾಟಿ ಪುಣೆಗೆ ದುಡಿಯಲು ಹೋಗುವವರು ಊರು ಮುಟ್ಟುವ ಮುನ್ನ ಹಡಪಸರ ಎಂಬ ನಿಲ್ದಾಣ ನೋಡಿರುತ್ತಾರೆ. ಅಲ್ಲಿ ಸರ್ಕಾರದ ಗ್ಲೈಡಿಂಗ್ ಕೇಂದ್ರ ಶುರುವಾದದ್ದು 1950ರಲ್ಲಿ. ಶಿಕ್ಷಕ, ಶಿಷ್ಯ ಅಕ್ಕಪಕ್ಕ ಕೂರುವ ರೋಹಿಣಿಯಲ್ಲಿ ಎಷ್ಟೋ ಹುಡುಗರು ಮೊದಲ ಬಾರಿ ನೆಲ ಬಿಟ್ಟರು.

ಕರ್ನಾಟಕದ ಪಾಲು ಇನ್ನೂ ಹಳೆಯದು. ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. ಮಹಾಯುದ್ಧದ ಆ ದಿನಗಳಲ್ಲಿ ಅಲ್ಲಿ ಹತ್ತು ಮಂದಿ ಕೂರುವ ಜಿ-1 ಎಂಬ ಗ್ಲೈಡರ್ ತಯಾರಾಯಿತು. ಅದನ್ನು ರೂಪಿಸಿದವರು ಡಾ. ವಿ. ಎಂ. ಘಾಟಗೆ. ಅವರು ಜರ್ಮನಿಯ ಗಾಟಿಂಗನ್‌ನಲ್ಲಿ ಪ್ರಾಂಡ್ಟಲ್ ಬಳಿ ಓದಿ ಬಂದವರು. ಘಾಟಗೆಯವರ ಹೆಸರು ಚರಿತ್ರೆಯಲ್ಲಿ ಉಳಿದಿದೆ, ಉಳಿಯಲೇಬೇಕು. ಆದರೆ ಆ ರೆಕ್ಕೆಗಳನ್ನು ಕೊರೆದು, ಅಂಟಿಸಿ, ಉಜ್ಜಿದ ಬಡಗಿಗಳು ಯಾರು?

ನಾನು ಬಡಗಿಯ ಮಗನಾದ್ದರಿಂದ ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಅಬ್ಬಾ ಜೋಡಿಸಿದ ಬಾಗಿಲುಗಳು ಶಹಾಬಾದಿನ ಎಷ್ಟೋ ಮನೆಗಳಲ್ಲಿವೆ. ಒಂದರ ಮೇಲೂ ಅವರ ಹೆಸರಿಲ್ಲ. ಸಂಕ್ರಾಂತಿಗೆ ನಮ್ಮ ಪತಂಗ ಹರಿದಾಗ ಅನ್ನದ ಅಗುಳು ಅರೆದು ಕಾಗದದ ತೇಪೆ ಹಚ್ಚಿಕೊಡುತ್ತಿದ್ದವರೂ ಅವರೇ. "ತೇಪೆ ದಪ್ಪ ಆದ್ರೆ ಪತಂಗ ವಾಲ್ತದ ಬೇಟಾ" ಅನ್ನುತ್ತಿದ್ದರು.

ಹಳೆಯ ಗ್ಲೈಡರ್ ದುರಸ್ತಿಯ ಗುಟ್ಟೂ ಇದೇ. ರೆಕ್ಕೆಯ ಒಳಗೆ ಕಟ್ಟಿಗೆಯ ತೊಲೆ, ತೆಳ್ಳನೆಯ ಪಕ್ಕೆಲುಬುಗಳು. ಮೇಲೆ ಬಟ್ಟೆ. ಬಟ್ಟೆ ಬಿಗಿಯಾಗಲಿ ಎಂದು 'ಡೋಪ್' ಎಂಬ ದ್ರಾವಣವನ್ನು ಪದರು ಪದರಾಗಿ ಬಳಿಯುತ್ತಾರೆ. ಹಾಲಿನ ಸತ್ವದಿಂದ ಮಾಡಿದ ಹಳೆಯ ಅಂಟುಗಳು ತೇವ ತಾಗಿದರೆ ಸೋಲುತ್ತವೆ. ಮಳೆಯ ಹೆಸರಿಟ್ಟುಕೊಂಡ ವಿಮಾನಕ್ಕೂ ಮಳೆಗಾಲವೇ ವೈರಿ. ಹೊರಗಿನಿಂದ ಬಣ್ಣ ಹೊಳೆಯುತ್ತಿದ್ದರೂ ಒಳಗೆ ಕೀಲು ಸಡಿಲವಾಗಿರಬಹುದು. ಆದ್ದರಿಂದ ಬಟ್ಟೆ ಸುಲಿದು ಪ್ರತಿ ಕೀಲನ್ನೂ ನೋಡಬೇಕು. ಕೊಳೆತ ಭಾಗವನ್ನು ಉದ್ದ ಓರೆಯಾಗಿ ಕತ್ತರಿಸಿ ಹೊಸ ಕಟ್ಟಿಗೆ ಕೂಡಿಸಬೇಕು. ಕೊನೆಗೆ ತೂಗಿ ನೋಡಬೇಕು. ಬಾಲಕ್ಕೆ ಎರಡು ಕೋಟು ಬಣ್ಣ ಹೆಚ್ಚಾದರೂ ಸಮತೋಲ ತಪ್ಪೀತು.

ಯುರೋಪಿನಲ್ಲಿ ಈ ಕೆಲಸವನ್ನು ಬಹುಪಾಲು ಸಂಬಳವಿಲ್ಲದ ಕ್ಲಬ್ ಸದಸ್ಯರೇ ಮಾಡುತ್ತಾರೆ. ಬ್ರಿಟನ್ನಿನಲ್ಲಿ 1973ರಲ್ಲಿ ಹುಟ್ಟಿದ ವಿಂಟೇಜ್ ಗ್ಲೈಡರ್ ಕ್ಲಬ್ ಇದಕ್ಕೆ ದೊಡ್ಡ ಬಲ ಕೊಟ್ಟಿತು. 1920ರಿಂದ ಗ್ಲೈಡರ್ ಸ್ಪರ್ಧೆಗಳು ನಡೆದ ಜರ್ಮನಿಯ ವಾಸರ್‌ಕುಪ್ಪೆ ಬೆಟ್ಟದಲ್ಲೂ ಅಂಥದೇ ಒಂದು ಕ್ಲಬ್ ಇದೆ. ವಾರದ ರಜೆಯಲ್ಲಿ ಮೇಷ್ಟ್ರು, ಫಿಟ್ಟರ್, ನಿವೃತ್ತರು ಒಂದೇ ಮೇಜಿನ ಸುತ್ತ ಕೂರುತ್ತಾರೆ. ಹೀಗೆ ಬಟ್ಟೆ ಸುಲಿದಾಗ ಕೆಲವೊಮ್ಮೆ ಒಳಗಿನ ಕಟ್ಟಿಗೆಯ ಮೇಲೆ ಪೆನ್ಸಿಲ್ ಗುರುತುಗಳು ಕಾಣುತ್ತವೆ. ಒಂದು ಅಳತೆ, ಒಂದು ತಾರೀಖು, ಅದೃಷ್ಟವಿದ್ದರೆ ಒಬ್ಬ ಕೆಲಸಗಾರನ ಸಹಿ. ನಕ್ಷೆಯಲ್ಲಿಲ್ಲದ ಮನುಷ್ಯ ಅಲ್ಲಿ ಸಿಗುತ್ತಾನೆ.

ನಮ್ಮಲ್ಲಿ ಹಳೆಯ ಯಂತ್ರ ಎಂದರೆ ಗುಜರಿ. ಇಲ್ಲವೇ ಮೇಲೆ ಬಣ್ಣ ಬಳಿದು ಗೇಟಿನ ಮುಂದೆ ನಿಲ್ಲಿಸುವ ಗೊಂಬೆ. ಎರಡರಲ್ಲೂ ಒಳಗಿನದನ್ನು ಯಾರೂ ಓದುವುದಿಲ್ಲ. ವಾಡಿ, ಶಹಾಬಾದ್, ಚಿತ್ತಾಪುರಗಳಲ್ಲಿ ಕಾರ್ಖಾನೆ, ರೈಲ್ವೆಗಳಲ್ಲಿ ಕೈ ಪಳಗಿಸಿಕೊಂಡು ನಿವೃತ್ತರಾದ ಫಿಟ್ಟರುಗಳಿಗೆ, ಬಡಗಿಗಳಿಗೆ ಕೊರತೆಯಿಲ್ಲ. ಐಟಿಐ ಕಲಿತು ಕೆಲಸಕ್ಕೆ ಕಾದಿರುವ ಹುಡುಗರಿಗೂ ಕೊರತೆಯಿಲ್ಲ. ಇವರಿಬ್ಬರನ್ನು ಒಂದು ಶೆಡ್ಡಿನಡಿ ಕೂರಿಸಿ ಹಳೆಯದೊಂದು ರೋಹಿಣಿಯನ್ನು ಕೈಗೆ ಕೊಟ್ಟರೆ, ಅದು ಮತ್ತೆ ಹಾರದಿದ್ದರೂ ಚಿಂತೆಯಿಲ್ಲ. ಅಬ್ಬಾನಂಥವರ ಕೈಕಸುಬು ಹುಡುಗರ ಕೈಗೆ ದಾಟುತ್ತದೆ. ರೆಕ್ಕೆಯೊಳಗೆ ಯಾರದಾದರೂ ಹೆಸರು ಸಿಕ್ಕರೆ, ಅದನ್ನು ಮೊದಲು ಬರೆದಿಟ್ಟುಕೊಳ್ಳಲಿ.